ರಮಾಬಾಯಿಗೊಂದು ಫಲಕ ಬರೆಯೋದಾದ್ರೆ

ಶುಕ್ರಗ್ರಹದಲ್ಲಿ 'ಮೇಧಾವಿ' ಅನ್ನೋ ಹೆಸರಿನ ಒಂದು ಕುಳಿ ಇದೆ. ಅದು ಯಾರ ಹೆಸರು ಗೊತ್ತಾ? ಪಂಡಿತಾ ರಮಾಬಾಯಿಯವರದ್ದು. ಮೇಧಾವಿ ಅವರ ಗಂಡನ ಮನೆ ಹೆಸರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕುದುರೆಮುಖಕ್ಕೆ ಬೈಕ್ ಟ್ರಿಪ್ ಹೋಗುವ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ.

ಆ ಕುಳಿಗೆ ಹೆಸರಿಟ್ಟವರ ಪಟ್ಟಿಯಲ್ಲಿ ಅವರು ಬರೀ 'ಭಾರತೀಯ ಲೇಖಕಿ'. 1989ರಲ್ಲಿ ಅಂಚೆ ಇಲಾಖೆ ಅವರ ಸ್ಟಾಂಪ್ ತಂದಿತು. ಎರಡೂ ಗೌರವವೇ. ಆದರೆ ನನ್ನ ತಕರಾರು ಇಷ್ಟೇ: ಹೆಸರು, ಇಸವಿ ಕೆತ್ತಿ ಮೇಲೊಂದು 'ಮಹಾನ್' ಸೇರಿಸಿಬಿಟ್ಟರೆ ಓದಿದವನಿಗೆ ಸಿಗೋದೇನು? ಕೆಲಸ ಹೇಗೆ ನಡೀತು ಅನ್ನೋದನ್ನ ಫಲಕ ಹೇಳಬೇಕು.

ಮೊದಲನೆಯದು, ದುಡ್ಡು. ಹೆಣ್ಣುಮಕ್ಕಳಿಗೆ ಶಾಲೆ ಬೇಕು ಅಂತ ಭಾಷಣ ಮಾಡಿ ಅವರು ಸುಮ್ಮನಾಗಲಿಲ್ಲ. ಅಮೆರಿಕಕ್ಕೆ ಹೋಗಿ, 1887ರಲ್ಲಿ ಪುಸ್ತಕ ಬರೆದು, ಊರೂರು ಸುತ್ತಿ ಮಾತಾಡಿದರು. ಬಾಸ್ಟನ್‌ನಲ್ಲಿ ಅದೇ ವರ್ಷ 'ರಮಾಬಾಯಿ ಅಸೋಸಿಯೇಷನ್' ಹುಟ್ಟಿ, ಹತ್ತು ವರ್ಷ ಶಾಲೆಯ ಖರ್ಚು ನೋಡಿಕೊಳ್ಳುವ ಮಾತು ಕೊಟ್ಟಿತು. ಈಗಿನ ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದ್ರೆ ಫಂಡಿಂಗ್ ಆದಮೇಲೇ ಬಾಗಿಲು ತೆರೆದದ್ದು. 1889ರ ಮಾರ್ಚ್‌ನಲ್ಲಿ ಮುಂಬೈನಲ್ಲಿ 'ಶಾರದಾ ಸದನ' ಶುರುವಾಯಿತು, ಮುಖ್ಯವಾಗಿ ವಿಧವೆಯರಿಗಾಗಿ.

ಎರಡನೆಯದು, ಅಲ್ಲಿ ಕಲಿತವರು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಅನ್ನೋ ವಿಧವೆ ಇದ್ದರು. ಮುಂದೆ ಅವರು ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಅದೇ ಕರ್ವೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಪುಣೆ ಹತ್ತಿರದ ಕೇಡಗಾಂವದ 'ಮುಕ್ತಿ'ಯಲ್ಲಂತೂ ಬರಗಾಲದಲ್ಲಿ ಅನಾಥರಾದ ಹುಡುಗಿಯರು ಓದಿನ ಜೊತೆ ನೇಯ್ಗೆ, ಬೇಸಾಯ ಕಲಿತರು. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸೋದನ್ನೂ ಕಲಿತರು. ವರ್ಕ್‌ಶಾಪ್ ಲ್ಯಾಬ್ 'ಹುಡುಗೀರಿಗೆ ಕಷ್ಟ' ಅಂತ ಇವತ್ತೂ ಗೊಣಗುವವರು ಇದನ್ನ ಎರಡು ಸಲ ಓದಲಿ. ನಮ್ಮ ಕಲಬುರಗಿಯಲ್ಲೂ 1912ರಲ್ಲಿ ತಾಯಿ, ಮಗಳು ಮನೋರಮಾ ಸೇರಿ ಒಂದು ಶಾಲೆ ತೆರೆದರು.

ಮೂರನೆಯದು, ಎಲ್ಲರೂ ಬಿಟ್ಟುಬಿಡಲು ನೋಡುವ ಭಾಗ. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು. 1893ರ ಹೊತ್ತಿಗೆ, ಸದನದಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೀತಿದ್ದಾರೆ ಅನ್ನೋ ದೂರು ಎದ್ದು, ಎಷ್ಟೋ ಮನೆಯವರು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಜೊತೆಗಿದ್ದ ಸುಧಾರಕರೂ ದೂರ ಸರಿದರು. ಇದನ್ನು ಫಲಕದಲ್ಲಿ ಬರೆದರೆ ಜಗಳ ಆಗುತ್ತೆ ಅಂತೀರಾ? ಆಗಲಿ. ಕೆಲವರು ಅವರ ಸಂಸ್ಕೃತ ಪಾಂಡಿತ್ಯವನ್ನಷ್ಟೇ ಇಟ್ಟುಕೊಳ್ತಾರೆ, ಕೆಲವರು ಭಕ್ತಿಯನ್ನಷ್ಟೇ. ಅವರು ಯಾರ ಅಳತೆಗೂ ಹೊಲಿದ ಅಂಗಿ ಆಗಿರಲಿಲ್ಲ. ನಮಗೆ ಮುಜುಗರ ತರೋದನ್ನ ಕತ್ತರಿಸಿದರೆ ಉಳಿಯೋದು ರಮಾಬಾಯಿ ಅಲ್ಲ, ನಾವೇ ಮಾಡಿಕೊಂಡ ಗೊಂಬೆ.

ಅದಕ್ಕೇ ನಮ್ಮ ಸಂಘಕ್ಕೊಂದು ಸಲಹೆ. ಮಹಿಳಾ ದಿನಕ್ಕೆ ಗುಲಾಬಿ ಹಂಚೋ ಬದಲು ಲೈಬ್ರರಿ ಬಾಗಿಲಲ್ಲಿ ಒಂದು ಫಲಕ ಹಾಕೋಣ. ನನ್ನ ಕರಡು ಹೀಗಿದೆ:

'ಪಂಡಿತಾ ರಮಾಬಾಯಿ, 1858–1922. ಗಂಗಾಮೂಲದಲ್ಲಿ ಹುಟ್ಟಿದರು. ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಂತ ಜನರ ಸಿಟ್ಟಿಗೆ ಗುರಿಯಾದ ತಂದೆ, ಮಗಳಿಗೆ ಪಾಠ ಹೇಳಿದ ತಾಯಿ. ದೇಶ ದಾಟಿ ಹಣ ತಂದು ವಿಧವೆಯರಿಗೆ ಶಾಲೆ ಕಟ್ಟಿದರು. ಧರ್ಮ ಬದಲಿಸಿದರು, ಬೈಸಿಕೊಂಡರು, ಶಾಲೆ ಮುಚ್ಚಲಿಲ್ಲ.'

ಇಷ್ಟು ಬರೆಯೋಕೆ ಎರಡಡಿ ಬೋರ್ಡ್ ಸಾಕು.