ಆಟಿಸಂ: ಕಾಯಿಲೆಯೋ, ಸ್ವಭಾವವೋ?

ಕರೆದರೂ ಮಗು ತಿರುಗಿ ನೋಡಲ್ಲ, ದಿನವಿಡೀ ಒಂದೇ ಆಟ. ಡಾಕ್ಟರು ಇದನ್ನು ಆಟಿಸಂ ಅಂದರು. ಹೆತ್ತವರಲ್ಲೇ ಈಗ ಎರಡು ಪಕ್ಷ. ಇದು ಕಾಯಿಲೆಯಲ್ಲ, ಮಗು ಇರೋದೇ ಹಾಗೆ, ಹಣೆಪಟ್ಟಿ ಹಚ್ಚಬೇಡಿ ಎಂಬುದು ಒಬ್ಬರ ವಾದ. ಮಾತು ಬಾರದ, ರಾತ್ರಿ ಮಲಗದ ಮಗುವನ್ನು ಸಾಕಿ ನೋಡಿ, ಆಮೇಲೆ ಹೇಳಿ ಎಂಬುದು ಇನ್ನೊಬ್ಬರ ಉತ್ತರ.

ಎರಡರಲ್ಲೂ ಹುರುಳಿದೆ. ಆಟಿಸಂ ವಾಸಿ ಮಾಡುವ ಔಷಧಿಯಿಲ್ಲ. ತರಬೇತಿ ಕೊಟ್ಟರೆ ಮಗು ಕಲಿಯುತ್ತೆ. ಸರ್ಕಾರಕ್ಕೆ ಮಾತ್ರ ಕಾಗದ ಬೇಕು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಗೆ ಅದು ಸೇರಿತು. ಮೀಸಲಾತಿ ಬೇಕಾದರೆ ಸರ್ಟಿಫಿಕೇಟಿನಲ್ಲಿ ಕನಿಷ್ಠ ಶೇ. 40 ಇರಬೇಕು. 'ಕಾಯಿಲೆಯಲ್ಲ' ಎನ್ನುವ ಅಪ್ಪನೂ ಅದಕ್ಕಾಗಿ ಆಸ್ಪತ್ರೆ ಮುಂದೆ ಸಾಲು ನಿಲ್ಲಲೇಬೇಕು.

ಹೆಸರಿನ ಜಗಳ ದೊಡ್ಡವರದು. ಸವಲತ್ತು ತಪ್ಪಿದರೆ ನಷ್ಟ ಮಗುವಿಗೆ.