ಔಷಧಕ್ಕೆ ಒಡೆಯರುಂಟು, ಪ್ರಾಣಕ್ಕೆ?



ಮನುಷ್ಯನಿಗೆ ಹಕ್ಕು ಕೊಟ್ಟವರು ಯಾರು? ದೇವರೇ? ಸರಕಾರವೇ? ಇದು ಜಗಲಿ ಹರಟೆಯೆಂದು ತಳ್ಳಿಹಾಕಬೇಡಿ. 1948ರಲ್ಲಿ ವಿಶ್ವಸಂಸ್ಥೆಯಲ್ಲೇ ಈ ಜಟಾಪಟಿ ನಡೆದಿತ್ತು. ಮಾನವ ಹಕ್ಕುಗಳ ಘೋಷಣೆಯ ಮೊದಲ ಕಲಮಿನಲ್ಲಿ ಮನುಷ್ಯ ದೇವರ ಪ್ರತಿರೂಪವೆಂದು ಸೇರಿಸಬೇಕೆಂದಿತು ಬ್ರೆಜಿಲ್. ಬೇರೆ ಪರಂಪರೆಯ ಕೋಟ್ಯಂತರ ಜನರಿದ್ದಾರೆ, ಅವರ ಮೇಲೆ ಇದನ್ನು ಹೇರಬೇಡಿ ಎಂದು ವಾದಿಸಿದರು ಚೀನಾದ ಪಿ.ಸಿ. ಚಾಂಗ್. ದೇವರ ಹೆಸರಿಲ್ಲದೆಯೇ ಘೋಷಣೆ ಹೊರಬಂತು. ಅದರಲ್ಲಿ ‘ಎಲ್ಲ ಗಂಡಸರು’ ಎಂಬ ಅರ್ಥ ಬರುತ್ತಿದ್ದುದನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ನಮ್ಮ ಹಂಸಾ ಮೆಹ್ತಾ. ಕರಡಿನಲ್ಲಿ ಒಂದು ಪದ ತಿದ್ದಿದರೆ ಎಷ್ಟು ಬದಲಾಗುತ್ತದೆಂದು ಮುದ್ರಣಾಲಯ ನಡೆಸುವ ನನಗೆ ಗೊತ್ತು!

25ನೇ ಕಲಮಿನಲ್ಲಿ ಅನ್ನ, ಬಟ್ಟೆ, ಸೂರಿನ ಜತೆ ವೈದ್ಯಕೀಯ ಆರೈಕೆಯೂ ಇದೆ. ಆದರೆ ಘೋಷಣೆಗೆ ದಂಡ ಹಾಕುವ ಶಕ್ತಿಯಿಲ್ಲ. ಆ ಶಕ್ತಿಯನ್ನು ಜತೆಗೇ ಹೊತ್ತು ಹುಟ್ಟಿದ್ದು 1995ರ ವಿಶ್ವ ವ್ಯಾಪಾರ ಸಂಸ್ಥೆ. ಪೇಟೆಂಟ್ ಪಡೆದ ಕಂಪನಿಯ ಅಪ್ಪಣೆಯಿಲ್ಲದೆ 20 ವರ್ಷ ಬೇರೆಯವರು ಆ ಔಷಧ ಮಾಡುವಂತಿಲ್ಲ ಎಂಬುದು ಅದರ ಕಟ್ಟಳೆ.

ದಕ್ಷಿಣ ಆಫ್ರಿಕ ಏಡ್ಸ್‌ನಿಂದ ತತ್ತರಿಸುತ್ತಿದ್ದಾಗ, ಅಗ್ಗದ ಔಷಧ ತರಿಸಲು 1997ರಲ್ಲಿ ಕಾನೂನು ಮಾಡಿತು. ಸುಮಾರು 40 ಔಷಧ ಕಂಪನಿಗಳು ಕೋರ್ಟಿಗೆ ಹೋದವು. ತಮ್ಮ ಸೊತ್ತಿನ ಹಕ್ಕಿಗೆ ಧಕ್ಕೆಯಂತೆ! ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್ ದಾಟುತ್ತಿದ್ದ ಚಿಕಿತ್ಸೆಯನ್ನು 2001ರಲ್ಲಿ ಮುಂಬಯಿಯ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆಂದಿತು. ಜನ ಬೀದಿಗಿಳಿದರು. ಅದೇ ಏಪ್ರಿಲ್‌ನಲ್ಲಿ ಕಂಪನಿಗಳು ಬಾಲ ಮುದುರಿಕೊಂಡು ದಾವೆ ಹಿಂತೆಗೆದುಕೊಂಡವು.

ಸೊತ್ತಿನ ಹಕ್ಕಂತೆ. ಪ್ರಾಣಾಪಾಯದಲ್ಲಿರುವವನು ಬೇರೆ ದಾರಿಯಿಲ್ಲದೆ ಪರರ ಸೊತ್ತು ತೆಗೆದುಕೊಂಡರೆ ಅದು ಕಳ್ಳತನವಲ್ಲ ಎಂದವನು 13ನೇ ಶತಮಾನದ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್. ಸೊತ್ತನ್ನು ಅವನು ತಿರಸ್ಕರಿಸಲಿಲ್ಲ, ಪ್ರಾಣದ ಕೆಳಗಿಟ್ಟ, ಅಷ್ಟೆ. ವಿಚಾರಶಕ್ತಿಯೇ ನೀತಿಯ ಬುನಾದಿಯೆಂದ ಜರ್ಮನಿಯ ಕಾಂಟ್ 1785ರಲ್ಲಿ, ವಸ್ತುವಿಗೆ ಬೆಲೆಯುಂಟು, ಮನುಷ್ಯನಿಗಿರುವುದು ಘನತೆ ಎಂದು ಬೇರ್ಪಡಿಸಿಟ್ಟ. ಒಬ್ಬ ದೇವರ ದಾರಿ, ಇನ್ನೊಬ್ಬ ಬುದ್ಧಿಯ ದಾರಿ. ತಲುಪಿದ್ದು ಒಂದೇ ಮನೆಯಂಗಳ. ಹಾಗಿರುವಾಗ ಬ್ರೆಜಿಲ್ ಸರಿಯೋ ಚಾಂಗ್ ಸರಿಯೋ ಎಂಬ ಜಗಳ ಔಷಧಿ ಅಂಗಡಿಯ ಮುಂದೆ ಯಾರಿಗೆ ಬೇಕು?

ಸಿಪ್ಲಾಕ್ಕೆ ಆ ಧೈರ್ಯ ಕೊಟ್ಟದ್ದು ನಮ್ಮ 1970ರ ಪೇಟೆಂಟ್ ಕಾಯಿದೆ. ಔಷಧ ತಯಾರಿಸುವ ವಿಧಾನಕ್ಕಷ್ಟೇ ಅದು ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. 2005ರಲ್ಲಿ ದಿಲ್ಲಿ ಅದನ್ನು ತಿದ್ದಿತು. ಆದರೂ ಕಡ್ಡಾಯ ಲೈಸನ್ಸ್ ಎಂಬ ಕಿಂಡಿ ಉಳಿದಿದೆ. 2012ರಲ್ಲಿ ಅದನ್ನು ಮೊದಲ ಸಲ ಬಳಸಿದಾಗ, ತಿಂಗಳಿಗೆ 2.8 ಲಕ್ಷ ರೂಪಾಯಿಯಿದ್ದ ಕ್ಯಾನ್ಸರ್ ಮಾತ್ರೆ 9,000ಕ್ಕಿಂತ ಕೆಳಗಿಳಿಯಿತು. ವಿದೇಶಗಳೊಡನೆ ವ್ಯಾಪಾರ ಒಪ್ಪಂದದ ಮಾತು ಬಂದಾಗಲೆಲ್ಲ ಆ ಕಿಂಡಿಯ ಗತಿಯೇನೆಂದು ನಿಮ್ಮ ಸಂಸದರಿಗೆ ಒಂದು ಕಾಗದ ಬರೆದು ಕೇಳಿ.