ತುಕ್ಕು ಚಂದ ಅಂತೀರಲ್ಲ, ಬೂದಿ ಹೊತ್ತೋರು ಯಾರು?



ಮೊನ್ನೆ ಯಾರೋ ವಾಟ್ಸಾಪಲ್ಲಿ ಒಂದು ಫೋಟೋ ಆಲ್ಬಂ ಕಳಿಸಿದ್ರು. ಬಾಗಿಲು ಹಾಕಿ ವರ್ಷಗಳಾದ ಒಂದು ಕಲ್ಲಿದ್ದಲು ಪವರ್ ಹೌಸ್. ತುಕ್ಕು ಹಿಡಿದ ಬಾಯ್ಲರ್, ಒಡೆದ ಗಾಜಿಂದ ಇಳಿಯೋ ಬಿಸಿಲು, ಗೋಡೆ ಸೀಳಿ ಬೆಳೆದ ಅರಳಿ ಗಿಡ, ಮುಳ್ಳು ಸೊನ್ನೆಗೆ ನಿಂತ ಮೀಟರ್‌ಗಳು. ಕೆಳಗೆ ಸಾಲು ಸಾಲು ಕಾಮೆಂಟು: ಅದ್ಭುತ, ಎಂಥಾ ಮೌನ, ಎಂಥಾ ಬೆಳಕು!

ಸೋಗಾನೆಯ ಮನೆ ಜಗಲೀಲಿ ಕೂತು ಅವ್ವನಿಗೆ ತೋರಿಸಿದೆ. ಒಂದು ಫೋಟೋದಲ್ಲಿ ತಳ ತೂತಾದ ಒಂದು ಬಾಂಡ್ಲಿ. ಅದಕ್ಕಿಟ್ಟ ಹೆಸರು 'ಏಕಾಂತ'. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಬೂದಿ ಹೊರೋ ಬಾಂಡ್ಲಿ ಕಣೋ ಇದು. ನಿಮ್ಮಪ್ಪನ ತಲೆ ಮೇಲೆ ಇಂಥದೇ ಇರ್ತಿತ್ತು" ಅಂದ್ಲು. ಎಲ್ಲಾ ನೋಡಿ ಮುಗಿಸಿ ಫೋನ್ ವಾಪಸ್ ಕೊಡ್ತಾ ಕೇಳಿದ್ಲು: "ಇಷ್ಟು ಫೋಟೋದಲ್ಲಿ ಒಬ್ಬ ಮನುಷ್ಯನೂ ಇಲ್ವಲ್ಲೋ?"

ಕ್ಯಾಮೆರಾ ಹಿಡಿದ ಸ್ನೇಹಿತರೇ, ಅವ್ವನ ಈ ಪ್ರಶ್ನೆಗೆ ಉತ್ತರ ಕೊಡಿ.

ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ. ನೂರು ಟನ್ ಉರಿಸಿದ್ರೆ ಸುಮಾರು 30-40 ಟನ್ ಬೂದಿಯಾಗಿ ಉಳಿಯುತ್ತೆ. ಹಬೆ ಟರ್ಬೈನ್ ತಿರುಗಿಸುತ್ತೆ, ಕರೆಂಟು ತಂತಿ ಹಿಡಿದು ಊರಿಗೆ ಹೋಗುತ್ತೆ. ಬೂದಿ ತಂತೀಲಿ ಹೋಗಲ್ಲ ಸ್ವಾಮಿ. ಬಾಯ್ಲರ್ ಅಡಿಯಿಂದ ಅದನ್ನ ಯಾರೋ ಎಳೀಬೇಕು, ಕಟ್ಟಿಕೊಂಡಿದ್ದನ್ನ ಸಲಾಕೆ ಹಾಕಿ ಒಡೀಬೇಕು, ಹೊತ್ತು ಸುರೀಬೇಕು, ಆ ಧೂಳನ್ನ ಉಸಿರಾಡಬೇಕು. ಕಂಟ್ರೋಲ್ ರೂಮಲ್ಲಿ ಫ್ಯಾನ್ ಕೆಳಗೆ ಕೂತೋರು ಯಾರು, ಬೂದಿ ಗುಂಡೀಲಿ ನಿಂತೋರು ಯಾರು? ಹಾಜರಿ ಪುಸ್ತಕ ತೆಗೆದು ನೋಡಿ. ಜಾತಿ ಅಂದ್ರೆ ಊರ ಬಾವಿ, ದೇವಸ್ಥಾನದ ಬಾಗಿಲು ಮಾತ್ರ ಅಂದ್ಕೊಂಡಿದ್ದೀರಿ. ಕಾರ್ಖಾನೆಯ ಒಂದೇ ಕಾಂಪೌಂಡಿನ ಒಳಗೂ ಊರು ಬೇರೆ, ಕೇರಿ ಬೇರೆ.

ನಮ್ಮಪ್ಪ ದುಡಿದ ಕಾರ್ಖಾನೆ ಹೆಸರು ಇಲ್ಲಿ ಬೇಡ. ಎಲ್ಲಾ ಕಡೆಯ ಕತೆ ಅದೇ. ಗುತ್ತಿಗೆದಾರನ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ, 'ಲೇಬರ್ 12' ಅಂತ ತಲೆಲೆಕ್ಕ ಇತ್ತು ಅಷ್ಟೆ. ಪಿಎಫ್ ಇಲ್ಲ, ಇಎಸ್‌ಐ ಕಾರ್ಡಿಲ್ಲ. ಕೆಮ್ಮಿ ಕೆಮ್ಮಿ ಹೋದ. ಅವನು ಅಲ್ಲಿ ದುಡಿದ ಅನ್ನೋದಕ್ಕೆ ನಮ್ಮ ಹತ್ರ ಒಂದು ಚೀಟಿಯೂ ಇಲ್ಲ. ಈಗ ಫೋಟೋದಲ್ಲೂ ಇಲ್ಲ.

ಭದ್ರಾವತಿ ಕಡೆ ತಿರುಗಿ ನೋಡಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್. ಮೊದಲು ಅದರ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿಂದ. 1930ರ ದಶಕದಲ್ಲಿ ಬಂದದ್ದು ಕಾಗದ ಕಾರ್ಖಾನೆ ಎಂಪಿಎಂ. ಅದು ಕಲ್ಲಿದ್ದಲು ಉರಿಸಿ ತನ್ನ ಹಬೆ, ಕರೆಂಟು ತಾನೇ ಮಾಡಿಕೊಳ್ತಿತ್ತು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚೋ ತೀರ್ಮಾನ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಮರು ತಿಂಗಳು, ಫೆಬ್ರವರಿ 27ಕ್ಕೆ, ಇಲ್ಲೇ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ. ವಿಐಎಸ್‌ಎಲ್‌ನ ಕೆಲವು ಘಟಕ ಆಮೇಲೆ ಮತ್ತೆ ಓಡಿದವು, ನಿಜ. ಆದ್ರೆ ಆ ಎರಡು ತಿಂಗಳು ನಾವು ಮರೆಯಲ್ಲ. ನಾಳೆ ವಿಮಾನದಲ್ಲಿ ಇಳಿದು ಹಾಳುಬಿದ್ದ ಚಿಮಣಿ ಹುಡುಕಿಕೊಂಡು ಹೋಗೋರು ಬರ್ತಾರೆ. ಬರಲಿ. ಆದ್ರೆ ಆ ಚಿಮಣಿ ಕೆಳಗಿನ ಊರಿಗೆ ಒಂದು ಚರಿತ್ರೆ ಇದೆ. ಪ್ರೊ. ಬಿ. ಕೃಷ್ಣಪ್ಪನವರು ಕಾಲೇಜಲ್ಲಿ ಪಾಠ ಮಾಡ್ತಾ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಇದೇ ಭದ್ರಾವತಿಯಲ್ಲಿ.

ಇನ್ನೊಂದು ವಿಷಯ. ಮುಚ್ಚಿದ ಕಾರ್ಖಾನೆಗೆ ಕ್ಯಾಮೆರಾ ನೇತು ಹಾಕಿಕೊಂಡವನು ಗೋಡೆ ಹಾರಿ ಹೋದ್ರೆ ಅವನು ಕಲಾವಿದ. ನಮ್ಮ ಕೇರಿ ಹುಡುಗ ಗುಜರಿ ಚೀಲ ಹಿಡಿದು ಅದೇ ಗೋಡೆ ಹಾರಿದ್ರೆ ಕಳ್ಳ. ಒಬ್ಬನಿಗೆ ಲೈಕು, ಇನ್ನೊಬ್ಬನಿಗೆ ಲಾಠಿ. ಗೋಡೆ ಒಂದೇ, ಹಾರಿದ ಕಾಲು ಬೇರೆ ಬೇರೆ.

ಲಂಡನ್ನಿನ ಬ್ಯಾಟರ್‌ಸೀ ಕಲ್ಲಿದ್ದಲು ವಿದ್ಯುತ್ ಸ್ಥಾವರ 1983ರಲ್ಲಿ ನಿಂತಿತು. 2022ರಲ್ಲಿ ಅದೇ ಕಟ್ಟಡ ಅಂಗಡಿ, ಐಷಾರಾಮಿ ಫ್ಲಾಟು ಆಗಿ ಬಾಗಿಲು ತೆರೀತು. ಇಟ್ಟಿಗೆ, ಚಿಮಣಿಗೆ ಬೆಲೆ ಬಂತು. ಅಲ್ಲಿ ಕಲ್ಲಿದ್ದಲು ಎಳೆದವನ ಮೊಮ್ಮಗನಿಗೆ ಆ ಫ್ಲಾಟು ಕೊಳ್ಳೋಕಾಗುತ್ತಾ? ಕಟ್ಟಡ ಉಳಿಸೋದೇ ಚರಿತ್ರೆ ಉಳಿಸೋದಲ್ಲ.

ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು, ವಿದ್ಯುತ್ತೂ ಅವರ ಕೈಯಲ್ಲೇ ಇತ್ತು. ದೇಶದ ಕರೆಂಟಿನ ಯೋಜನೆ, ದುಡಿಯುವವನ ಹಕ್ಕು, ಎರಡೂ ಒಂದೇ ಮೇಜಿನ ಮೇಲೆ. ಇವೆರಡನ್ನ ಬೇರೆ ಮಾಡಿದ್ದು ಆಮೇಲೆ ಬಂದೋರು.

ಅದಕ್ಕೇ ನಮ್ಮ ಬೇಡಿಕೆ ಇಷ್ಟು:

1. ಫೋಟೋ ತೆಗೆಯೋರೇ, ಒಳಗೆ ಹೋಗೋ ಮುಂಚೆ ಪಕ್ಕದ ಕೇರಿಗೆ ಬನ್ನಿ. ಅಲ್ಲಿ ದುಡಿದೋರನ್ನ ಜೊತೆಗೆ ಕರ್ಕೊಂಡು ಹೋಗಿ. ಬಾಂಡ್ಲಿ ಫೋಟೋ ಕೆಳಗೆ ಅದು ಏನಕ್ಕೆ ಬಳಸಿದ್ದು ಅಂತ ಬರೀರಿ. ಒಪ್ಪಿದೋರ ಹೆಸರೂ ಬರೀರಿ.

2. ಸರ್ಕಾರದೋರೇ, ಯಾವುದೇ ಮುಚ್ಚಿದ ಕಾರ್ಖಾನೆ ಗುಜರಿಗೆ ಹೋಗೋ ಮೊದಲು ಅಲ್ಲಿನ ಗುತ್ತಿಗೆ ಕಾರ್ಮಿಕರ ಹಾಜರಿ, ಪಿಎಫ್ ದಾಖಲೆ ವಶಕ್ಕೆ ತಗೊಂಡು ಕಾಪಾಡಿ. ಬಾಕಿ ಚುಕ್ತಾ ಆಗದೆ ಒಂದು ಬೋಲ್ಟೂ ಹೊರಗೆ ಹೋಗಬಾರದು.

3. ಹಳೇ ಹಬೆ ಪೈಪಿಗೆ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಸುತ್ತಿರ್ತಾರೆ. ಅದರ ನೂಲು ಶ್ವಾಸಕೋಶಕ್ಕೆ ವಿಷ. ಅದನ್ನ ಪರೀಕ್ಷೆ ಮಾಡದೆ ನಮ್ಮ ಹುಡುಗರ ಕೈಗೆ ಗ್ಯಾಸ್ ಕಟರ್ ಕೊಡಬೇಡಿ. ಬದುಕಿದ್ದಾಗ ಬೂದಿ ತಿನ್ನಿಸಿದ ಕಾರ್ಖಾನೆ ಸತ್ತ ಮೇಲೂ ನಮ್ಮನ್ನೇ ತಿನ್ನಬಾರದು.

ತುಕ್ಕಿನ ಬಣ್ಣ ಚಂದ, ಒಪ್ತೀನಿ. ಆದ್ರೆ ಆ ಕಬ್ಬಿಣ ತುಕ್ಕು ಹಿಡಿಯೋ ಮೊದಲು ಅದನ್ನ ಬಿಸಿಯಾಗಿಟ್ಟ ಕೈಗಳಿದ್ವು. ಮುಂದಿನ ಸಲ ಆಲ್ಬಂ ಹಾಕುವಾಗ ಆ ಕೈಗಳನ್ನೂ ಹುಡುಕಿ. ನಮ್ಮವ್ವ ಕಾಯ್ತಾ ಇದ್ದಾಳೆ.

ಜೈಭೀಮ್.